ಅಕ್ಕಿ ಡಬ್ಬಿಯಲ್ಲಿ ರಾಜೇಳಿ

ಉಡುಪಿ ಕಡೆಯ ನಮ್ಮ ಮನೆಯಲ್ಲಿ ಬಾಳೆಹಣ್ಣು ಕೇಳಿದರೆ ‘ಯಾವುದು?’ ಎಂಬ ಮರುಪ್ರಶ್ನೆ ಬರುತ್ತಿತ್ತು. ಕದಳಿ ದೇವರಿಗೆ, ಗಾಳಿ ಮಕ್ಕಳಿಗೆ, ನೇಂದ್ರ ಅಡುಗೆಗೆ. ಮುಂಬೈಯ ಬೊರಿವಲಿಗೆ ಬಂದ ಮೇಲೆ ಡಜನ್ ಲೆಕ್ಕದ ಹಳದಿ ಹಣ್ಣೇ ಗತಿಯಾಯಿತು. ನಮ್ಮ ಏಲಕ್ಕಿ ಬಾಳೆ ಇಲ್ಲಿ ‘ವೇಲ್ಚಿ’ ಎಂಬ ಹೆಸರಿನಲ್ಲಿ ಅಡಗಿದೆ ಎಂದು ಕಂಡುಹಿಡಿಯಲು ಎರಡು ವರ್ಷ ಬೇಕಾಯಿತು. ಅಂದಿನಿಂದ ನಾನು ಬಾಳೆಯ ಪಂಡಿತ.

ಪಕ್ಕದ ಮನೆಯ ಆಜಿ ಒಮ್ಮೆ ಒಣ ಬಾಳೆಎಲೆಯಲ್ಲಿ ಸುತ್ತಿದ ಕಂದು ತುಂಡೊಂದನ್ನು ಕೊಟ್ಟರು. ಹುಣಿಸೆಹಣ್ಣು ಎಂದುಕೊಂಡು ಸಾರಿಗೆ ನೆನೆಹಾಕಲು ಹೊರಟಿದ್ದೆ. ಅವರು ಕೈ ಹಿಡಿದು ತಡೆದರು. ಅದು ಸುಕೇಳಿ. ವಸಾಯಿಯ ರಾಜೇಳಿ ಬಾಳೆಯನ್ನು ಸುಲಿದು ಬಿಸಿಲಿನಲ್ಲಿ ಒಣಗಿಸಿದ್ದು. ಅಂಜೂರದಂತೆ ಅಗಿಯಬೇಕು, ಜೇನಿನಂತೆ ಬೆರಳಿಗೆ ಅಂಟುತ್ತದೆ.

ಒಣಗಿದ್ದೇ ಹೀಗಿದ್ದರೆ ಹಸಿಯದು ಹೇಗಿರಬಹುದು? ಭಾನುವಾರ ಹೆಂಡತಿಯ ಅಣ್ಣನ ಸಂಸಾರ ಊಟಕ್ಕೆ ಬರುವುದಿತ್ತು. ರಾಜೇಳಿ ಕಾಯಿಯ ಪೋಡಿ, ಅಂದರೆ ಬಜ್ಜಿ, ನಾನೇ ಕರಿಯುತ್ತೇನೆ ಎಂದು ಘೋಷಿಸಿ, ಬುಧವಾರ ರಜೆ ಹಾಕಿ ವಸಾಯಿಗೆ ಹೋದೆ. ಬಂದದ್ದು ಒಂದು ಚಿಪ್ಪು ಹಸಿರು ಕಾಯಿಯೊಡನೆ. ಒಂದೊಂದೂ ಮೊಳಕೈಯಷ್ಟು ಉದ್ದವೆಂದು ಕಚೇರಿಯಲ್ಲಿ ಹೇಳಿದ್ದೇನೆ. ನಿಮಗೆ ಸುಳ್ಳು ಹೇಳಲಾರೆ, ಗೇಣಿಗಿಂತ ತುಸು ಹೆಚ್ಚು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅವನ್ನು ಮಗುವಿನಂತೆ ಎದೆಗವಚಿಕೊಂಡು ನಿಂತೆ. ನಾಯಗಾಂವ್ ದಾಟಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಸೇತುವೆ ಬರುವಷ್ಟರಲ್ಲಿ ಕತ್ತರಿಸಿದ ತೊಟ್ಟಿನಿಂದ ಸೋನೆ ಒಸರಿ ಬಿಳಿ ಅಂಗಿಯ ಮೇಲೆ ಇಳಿಯುತ್ತಿತ್ತು. ನೀರಿನಂತೆ ಕಂಡಿತು, ಒರೆಸಿಕೊಂಡೆ. ಸಂಜೆಯ ಹೊತ್ತಿಗೆ ಒರೆಸಿದಲ್ಲೆಲ್ಲ ಕಂದು ಕಲೆ. “ನಿಮ್ಮ ಪೋಡಿಗೆ ಈಗಲೇ ಒಂದು ಅಂಗಿ ಖರ್ಚಾಯಿತು,” ಎಂದಳು ಹೆಂಡತಿ.

ಅಡುಗೆಮನೆಯಲ್ಲಿ ಇಲಿಯ ಓಡಾಟವಿತ್ತು. ಆದ್ದರಿಂದ ಕಾಯಿಗಳನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದೆ. ಜೊತೆಗೆ ಮೇಜಿನ ಮೇಲಿದ್ದ ವೇಲ್ಚಿ ಹಣ್ಣನ್ನೂ ಸೇರಿಸಿ ಮುಚ್ಚಳ ಬಿಗಿದೆ. ಮೇ ತಿಂಗಳು.

ಭಾನುವಾರ ಮುಚ್ಚಳ ತೆರೆದಾಗ ಮೊದಲು ಬಂದದ್ದು ಪರಿಮಳ. ಅನುಮಾನವೇ ಬೇಡ, ಚಿನ್ನದ ಬಣ್ಣ, ಅಲ್ಲಲ್ಲಿ ಕಪ್ಪು ಚುಕ್ಕೆ. ಬಾಳೆಯಿಂದ ಹೊರಡುವ ಎಥಿಲೀನ್ ಅನಿಲ ಮುಚ್ಚಿದ ಜಾಗದಲ್ಲಿ ಉಳಿದು ಕಾಯನ್ನು ಬೇಗ ಹಣ್ಣು ಮಾಡುತ್ತದೆ ಎಂದು ಪಂಡಿತನಿಗೆ ಶಾಲೆಯಲ್ಲೇ ಕಲಿಸಿದ್ದರು. ನೆನಪಾದದ್ದು ಆಗ.

ಆದರೂ ಬಾಣಲೆ ಇಟ್ಟೆ. ಕೇರಳದವರು ನೇಂದ್ರಹಣ್ಣನ್ನೇ ಮೈದಾ ಹಿಟ್ಟಿನಲ್ಲಿ ಅದ್ದಿ ಕರಿಯುವುದಿಲ್ಲವೇ? ನಾನು ಕಲಸಿದ್ದು ಮಾತ್ರ ಕಡಲೆಹಿಟ್ಟು, ಇಂಗು, ಧಾರಾಳ ಖಾರದ ಪುಡಿ. ಹಣ್ಣಿನ ಹೋಳು ಎಣ್ಣೆಗೆ ಬಿದ್ದೊಡನೆ ಹಿಟ್ಟಿನ ಅಂಗಿ ಕಳಚಿ ಒಂದು ಕಡೆ ತೇಲಿತು, ಹೋಳು ತಳ ಹಿಡಿದು ಕರಕಲಾಯಿತು. ರುಚಿಯೋ, ಇಂಗಿನ ಹಲ್ವ.

ಅಮ್ಮನಿಗೆ ಫೋನ್ ಮಾಡಿದೆ.

“ಅಕ್ಕಿಯಲ್ಲಿ ಹುಗಿದೆಯಾ? ನಿನ್ನ ಅಜ್ಜಿ ಹಣ್ಣು ಮಾಡಲು ಇಡುತ್ತಿದ್ದದ್ದೇ ಅಲ್ಲಿ ಮಾರಾಯ,” ಎಂದು ಅವಳು ನಗು ಮುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. “ಇನ್ನು ಹಣ್ಣಿನ ಮೆಣಸ್ಕಾಯಿ ಗೊಜ್ಜು ಮಾಡು. ಎಳ್ಳು ಚಟಪಟ ಅನ್ನುವಷ್ಟೇ ಹುರಿ, ಕಪ್ಪು ಮಾಡಬೇಡ.”

ಎಳ್ಳು, ಉದ್ದಿನಬೇಳೆ, ಒಣಮೆಣಸು ಹುರಿದು ಕಾಯಿತುರಿಯೊಡನೆ ರುಬ್ಬಿ, ಹುಣಿಸೆ ಬೆಲ್ಲದ ರಸದಲ್ಲಿ ಹೋಳುಗಳನ್ನು ಹದವಾಗಿ ಬೇಯಿಸಿದ್ದು ಹೆಂಡತಿ. ನಾನು ಫೋನ್ ಹಿಡಿದು ನಿಂತಿದ್ದೆ. ಭಾವ ಮೂರು ಸಲ ಬಡಿಸಿಕೊಂಡರು. “ಇವರದೇ ಯೋಜನೆ,” ಎಂದಳು ಅವಳು, ನನ್ನ ಕಡೆ ನೋಡದೆ.

ಉಳಿದ ಎರಡು ಹಣ್ಣನ್ನು ಮರುದಿನ ಸುಲಿದು ಕಿಟಕಿಯ ಹೊರಗೆ ತಟ್ಟೆಯಲ್ಲಿ ಬಿಸಿಲಿಗಿಟ್ಟೆ, ಸುಕೇಳಿ ಮಾಡೋಣವೆಂದು. ಸಂಜೆ ನೋಡಿದರೆ ತಟ್ಟೆ ಬರಿದು. ಕಾಗೆಯೊಂದು ಕಿಟಕಿಯ ಸರಳಿಗೆ ಕೊಕ್ಕನ್ನು ಆಚೆ ಈಚೆ ಉಜ್ಜಿ ಉಜ್ಜಿ ಅಂಟು ಬಿಡಿಸಿಕೊಳ್ಳುತ್ತಿತ್ತು.