ಪರ-ವಿರೋಧ: ಎಮಿಲಿಯ ಮರಳುಗಾಡಿನ ಚಿತ್ರಗಳು ಮಾರುಕಟ್ಟೆಗೆ ಬಂದದ್ದು ಒಳ್ಳೆಯದಾಯಿತೇ?

ಪರ

ಒಳ್ಳೆಯದೇ ಆಯಿತು. ಇದರಲ್ಲಿ ಕೇಳುವುದೇನಿದೆ?

ಎಮಿಲಿ ಕಾಮ್ ಉಂಗ್ವಾರೆ ಆಸ್ಟ್ರೇಲಿಯಾದ ಅನ್ಮಟ್ಯೆರೆ ಮೂಲನಿವಾಸಿ ಹೆಣ್ಣುಮಗಳು. ಊರು ಯುಟೋಪಿಯಾ, ಆಲಿಸ್ ಸ್ಪ್ರಿಂಗ್ಸ್‌ನಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಹೆಂಗಸರ 'ಆವೆಲ್ಯೆ' ಆಚರಣೆಯಲ್ಲಿ ಎದೆ, ತೋಳಿನ ಮೇಲೆ ಗೆರೆ ಎಳೆದು ಪಳಗಿದ ಕೈ. 1977ರಲ್ಲಿ ಬಾಟಿಕ್, ಅಂದರೆ ಮೇಣ ಹಚ್ಚಿ ಬಟ್ಟೆಗೆ ಬಣ್ಣ ಕಟ್ಟುವ ಕೆಲಸ, ಶುರು ಮಾಡಿದರು. ಕ್ಯಾನ್ವಾಸ್ ಮುಟ್ಟಿದ್ದು 1988ರ ಹೊತ್ತಿಗೆ, ಎಪ್ಪತ್ತು ದಾಟಿದ ಮೇಲೆ. 1996ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಸುಮಾರು 3000 ಚಿತ್ರ ಬರೆದಿದ್ದರು! ಕೊಳ್ಳುವವರಿಲ್ಲದಿದ್ದರೆ ಅಷ್ಟು ಬಣ್ಣ, ಅಷ್ಟು ಬಟ್ಟೆ ಎಲ್ಲಿಂದ ಬರಬೇಕಿತ್ತು?

ಅಮ್ಮ ಮೆಲ್ಬರ್ನ್‌ಗೆ ಬಂದಾಗ ಆಕೆಯ 'ಬಿಗ್ ಯಾಮ್ ಡ್ರೀಮಿಂಗ್' ತೋರಿಸಲು ಕರೆದುಕೊಂಡು ಹೋಗಿದ್ದೆ. 1995ರ ಚಿತ್ರ. ಎಂಟು ಮೀಟರ್ ಅಗಲ, ಕಪ್ಪು ಬಟ್ಟೆ, ಬಿಳಿ ಗೆರೆ, ಅಷ್ಟೇ. ನೆಲದಡಿ ಹಬ್ಬುವ ಗೆಣಸಿನ ಬೇರು. ಅಮ್ಮನಿಗೆ ಮ್ಯೂಸಿಯಂ ಅಂದರೆ ಕಾಲುನೋವು. ಆದರೆ ಇದರ ಮುಂದೆ ನಿಂತು, "ಇದು ಎಲ್ಲಿಂದ ಶುರುವಾಗುತ್ತೋ?" ಅಂದರು. ಇಬ್ಬರೂ ಹುಡುಕಿದೆವು. ಒಂದು ಗೆರೆ ದಪ್ಪಗೆ ಹೊರಟು, ಬಣ್ಣ ಮುಗಿಯುತ್ತಾ ತೆಳುವಾಗಿ, ಇನ್ನೊಂದರ ಕೆಳಗೆ ನುಸುಳುತ್ತದೆ. ಅದನ್ನು ಹಿಡಿದು ಹೋದರೆ ಮತ್ತೆಲ್ಲೋ ಬಂದು ನಿಲ್ಲುತ್ತೀರಿ. ಬುಡ ಸಿಗಲೇ ಇಲ್ಲ. ಕಾವಲಿನವರು ಹಿಂದೆ ಸರಿಯಿರಿ ಅಂತ ಎರಡು ಸಲ ಹೇಳಿದರು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅನುಕೂಲವೇ ಆಯಿತು.

ದಲ್ಲಾಳಿಗಳು ದುಡ್ಡು ಹೊಡೆದರು ಅನ್ನುತ್ತಾರೆ. ದಲ್ಲಾಳಿಗಳಿಲ್ಲದ ಊರು ಯಾವುದು ಹೇಳಿ? ಅದಕ್ಕಾಗಿ ಎಮಿಲಿ ಸುಮ್ನೆ ಕೂರಬೇಕಿತ್ತಾ? ಬಂದ ದುಡ್ಡನ್ನು ಆಕೆ ನೆಂಟರಿಷ್ಟರಿಗೆಲ್ಲ ಹಂಚಿದರು. 1997ರಲ್ಲಿ ಚಿತ್ರಗಳು ವೆನಿಸ್ ಬಿಯೆನಾಲೆ ಕಲಾಪ್ರದರ್ಶನಕ್ಕೆ ಹೋದವು, 2008ರಲ್ಲಿ ಜಪಾನಿಗೆ, 2025ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂಗೆ. ಮರಳುಗಾಡಿನಲ್ಲೇ ಉಳಿದಿದ್ದರೆ ನಮ್ಮಮ್ಮ ನೋಡುತ್ತಿದ್ದರಾ?

ವಿರೋಧ

ವಿರೋಧ ಬರೆದುಕೊಡಿ ಅಂತ ಕೇಳಿದರು, ಬರೆಯುತ್ತಿದ್ದೇನೆ. ಚಿತ್ರಗಳು ನನಗೂ ಇಷ್ಟವೇ. ಜಗತ್ತೆಲ್ಲ ನೋಡಿತಲ್ಲ ಅಂತ ಎದುರಿನವರು ಕುಣಿಯಬಹುದು. ನನ್ನ ತಕರಾರು ಲೆಕ್ಕದ್ದು.

ಎಮಿಲಿ 1994ರಲ್ಲಿ ಬರೆದ 'ಅರ್ತ್ಸ್ ಕ್ರಿಯೇಷನ್' 2007ರ ಹರಾಜಿನಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. 2017ರಲ್ಲಿ ಇಪ್ಪತ್ತೊಂದು ಲಕ್ಷ. ಅಷ್ಟರಲ್ಲಿ ಎಮಿಲಿ ಎಲ್ಲಿದ್ದರು? ಮರುಮಾರಾಟದಲ್ಲಿ ಕಲಾವಿದರಿಗೆ ಶೇ. 5 ಕೊಡಬೇಕೆನ್ನುವ ಕಾನೂನು ಅಲ್ಲಿ ಜಾರಿಗೆ ಬಂದದ್ದೇ 2010ರಲ್ಲಿ. ಎಂಬತ್ತು ದಾಟಿದ ಮುದುಕಿಯ ಸುತ್ತ ವ್ಯಾಪಾರಿಗಳು ಕ್ಯಾನ್ವಾಸ್ ಹಿಡಿದು ನಿಂತಿದ್ದರು. ಇದನ್ನು ಕಲಾಸೇವೆ ಅನ್ನೋಣವೇ?

ಇನ್ನು ಮೂಲನಿವಾಸಿಗಳ ಕಲೆಯೆಂದು ಮಾರುವ ನಕಲಿ ಮಾಲು. ಸಿಡ್ನಿಯ ಅಂಗಡಿಯೊಂದರಲ್ಲಿ ತಂಗಿಗೆ ಚುಕ್ಕಿ ಚಿತ್ರದ ಬೂಮರಾಂಗ್ ತೆಗೆದುಕೊಂಡೆ. ಹೋಟೆಲ್‌ಗೆ ಬಂದು ಬೆಲೆಯ ಚೀಟಿ ಕಿತ್ತರೆ ಅಡಿಯಲ್ಲಿ ಇಂಡೋನೇಷ್ಯಾ ಅಂತ ಅಚ್ಚಾಗಿತ್ತು. ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ತಂಗಿಯಂತೂ, "ಎಲ್ಲಿಯದಾದರೇನು, ಚೆನ್ನಾಗಿದೆ" ಅಂತ ಟಿವಿ ಮೇಲೆ ಇಟ್ಟುಕೊಂಡಿದ್ದಾಳೆ.