ಬೆಳಿಗ್ಗೆ ಒಂದೇ ಸಲ 2 ಲೀಟರ್ ನೀರು ಕುಡಿದರೆ ಕಲ್ಲು ಬರಲ್ವಾ?

"ಎದ್ದ ತಕ್ಷಣ ಖಾಲಿ ಹೊಟ್ಟೆಗೆ 2 ಲೀಟರ್ ನೀರು ಕುಡಿಯಿರಿ, ಕಿಡ್ನಿ ಸ್ಟೋನ್ ಮತ್ತೆ ಬರಲ್ಲ" ಅಂತ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ನೀರು ಜಾಸ್ತಿ ಬೇಕು ಅನ್ನುವುದು ನಿಜ. ಬೆಳಿಗ್ಗೆಯೇ ಕುಡಿದು ಮುಗಿಸಿದರೆ ಸಾಕು ಅನ್ನುವುದು ತಪ್ಪು.

ಗಟಗಟ ಕುಡಿದ ನೀರು ಕೆಲವೇ ಗಂಟೆಯಲ್ಲಿ ಹೊರಗೆ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೂತ್ರ ಮತ್ತೆ ಕಡು ಹಳದಿ. ಮೂತ್ರದಲ್ಲಿರುವ, ಕಲ್ಲಿಗೆ ಕಾರಣವಾಗುವ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟುವುದಕ್ಕೆ ಅಷ್ಟು ಸಾಕು.

ವೈದ್ಯರು ನೋಡುವ ಲೆಕ್ಕವೇ ಬೇರೆ. ದಿನಕ್ಕೆ ಸುಮಾರು 2.5 ಲೀಟರ್ ಮೂತ್ರ ಹೋಗಬೇಕು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಗಾರೆ ಕೆಲಸ ಮಾಡುವವರಿಗೆ 3 ಲೀಟರ್ ಕುಡಿದರೂ ಸಾಲದು, ಬೆವರಲ್ಲೇ ಹೋಗಿರುತ್ತದೆ ಅಲ್ವಾ? ಇಟಲಿಯಲ್ಲಿ ಮೊದಲ ಸಲ ಕಲ್ಲಾದವರನ್ನು 5 ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರು ಹೆಚ್ಚಿಸಿದವರಲ್ಲಿ ನೂರಕ್ಕೆ 12 ಜನರಿಗೆ ಮಾತ್ರ ಕಲ್ಲು ಮರುಕಳಿಸಿತು. ಉಳಿದವರಲ್ಲಿ 27.

ಹಾಗಾಗಿ ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ. ಮಲಗುವ ಮುಂಚೆ ಒಂದು ಲೋಟ, ರಾತ್ರಿ ಮೂತ್ರಕ್ಕೆ ಎದ್ದರೆ ಇನ್ನೊಂದು. ಉಪ್ಪು ಕಮ್ಮಿ ಹಾಕಿದ ನೀರು ಮಜ್ಜಿಗೆ, ಸಕ್ಕರೆ ಇಲ್ಲದ ನಿಂಬೆ ನೀರೂ ಲೆಕ್ಕಕ್ಕೆ ಸೇರುತ್ತವೆ. ಹೃದಯದ ತೊಂದರೆ ಇರುವವರು, ಡಯಾಲಿಸಿಸ್‌ನಲ್ಲಿರುವವರು ಮಾತ್ರ ಸುಮ್ನೆ ನೀರು ಹೆಚ್ಚಿಸಬೇಡಿ, ಮೊದಲು ವೈದ್ಯರನ್ನು ಕೇಳಿ.