ಆ ಫೋಟೊದಲ್ಲಿರುವುದು 1935ರ ಬಸ್ಸಲ್ಲ

'1935ರ ಲಂಡನ್, ಲೇಲ್ಯಾಂಡ್ ಟೈಗರ್ ಬಸ್' ಎಂಬ ಒಕ್ಕಣೆ ಹೊತ್ತ ಕಪ್ಪು-ಬಿಳುಪು ಚಿತ್ರವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಊರು ಸರಿ. ವರ್ಷವೂ ಕಂಪನಿಯೂ ತಪ್ಪು. ಅದು ಎಇಸಿ ಎಂಬ ಬ್ರಿಟಿಷ್ ಕಂಪನಿಯ ರೀಗಲ್ 4. ಲಂಡನ್ ಟ್ರಾನ್ಸ್‌ಪೋರ್ಟ್ 1951ರಿಂದ 1953ರ ನಡುವೆ ರಸ್ತೆಗಿಳಿಸಿದ 700 'ಆರ್‌ಎಫ್' ಬಸ್ಸುಗಳಲ್ಲಿ ಒಂದು.

ಮೊದಲು ಮೂತಿ ನೋಡಿ. ಆ ಕಾಲದ ಟೈಗರ್‌ನಲ್ಲಿ ಎಂಜಿನ್ ಮುಂದೆ, ಅದರ ಪಕ್ಕದ ಅರ್ಧ ಕ್ಯಾಬಿನ್‌ನಲ್ಲಿ ಡ್ರೈವರ್ ಒಬ್ಬನೇ. ಎದುರಿಗೆ ಎತ್ತರದ ರೇಡಿಯೇಟರ್ ಕಣ್ಣಿಗೆ ರಾಚುತ್ತದೆ. ಈ ಚಿತ್ರದಲ್ಲಿ ರೇಡಿಯೇಟರ್ ಕಾಣುವುದೇ ಇಲ್ಲ, ಮುಂಭಾಗ ಪೂರ್ತಿ ಸಪಾಟು. ಎಂಜಿನ್ ನೆಲಹಾಸಿನ ಅಡಿಯಲ್ಲಿ ಅಡ್ಡ ಮಲಗಿದೆ.

ಹಾಗಂತ ಸಪಾಟು ಮೂತಿ ಕಂಡ ಕೂಡಲೇ 1950ರ ನಂತರದ್ದು ಎಂದು ಷರಾ ಬರೆಯುವಂತಿಲ್ಲ. ಎಇಸಿಯ 'ಕ್ಯೂ' ಮಾದರಿ 1930ರ ದಶಕದಲ್ಲೇ ಎಂಜಿನ್ನನ್ನು ಬಲಬದಿಗೆ, ಮುಂದಿನ ಚಕ್ರದ ಹಿಂದಕ್ಕೆ ಸರಿಸಿತ್ತು. ಲಂಡನ್‌ನಲ್ಲೂ ಓಡಿತ್ತು. ಇಲ್ಲಿ ಗೊಂದಲ ಬಿಡಿಸುವುದು ನಂಬರ್ ಪ್ಲೇಟ್: ಚಿತ್ರ ಹಿಗ್ಗಿಸಿದರೆ 'ಎಂಎಕ್ಸ್‌ಎಕ್ಸ್' ಎಂದು ಓದಬಹುದು. ಅದು 1950ರ ದಶಕದ ಆರಂಭದ ಸರಣಿ. ಎಷ್ಟೋ ಆರ್‌ಎಫ್‌ಗಳಿಗೆ ಸಿಕ್ಕಿದ್ದು ಅದೇ.

'ಅಲ್ಲ, ಇದು ಮೆಟ್ರೊ-ಕ್ಯಾಮೆಲ್' ಎಂದು ವಾದಕ್ಕಿಳಿದವರೂ ಇದ್ದಾರೆ. ಅವರೂ ಅರ್ಧ ಸರಿ. ಅಂದಿನ ಬ್ರಿಟನ್‌ನಲ್ಲಿ ಬಹುತೇಕ ಚಾಸಿ (ಎಂಜಿನ್, ಚಕ್ರಗಳಿರುವ ಅಡಿಗಟ್ಟು) ಒಬ್ಬರದು, ಬಾಡಿ ಇನ್ನೊಬ್ಬರದು. ಆರ್‌ಎಫ್‌ಗೆ ಬಾಡಿ ಕಟ್ಟಿದ್ದು ಮೆಟ್ರೊ-ಕ್ಯಾಮೆಲ್.

ಕಪ್ಪು-ಬಿಳುಪು ಎಂದಾಕ್ಷಣ ಯುದ್ಧಪೂರ್ವದ್ದು ಎಂಬ ಊಹೆಯೇ ಇಷ್ಟಕ್ಕೆಲ್ಲ ಮೂಲವಿರಬೇಕು. ಕೊನೆಯ ಆರ್‌ಎಫ್ ಸೇವೆಯಿಂದ ನಿವೃತ್ತಿಯಾದದ್ದು 1979ರಲ್ಲಿ. ಅವುಗಳ ಬಣ್ಣದ ಫೋಟೊಗಳು ಬೇಕಾದಷ್ಟಿವೆ.